ಮೂಲೆಯಲ್ಲಿ ನಿಂತ ಸಲಾಮಪ್ಪ

ತಗಡಿನ ಮನೆ, ಉಪ್ಪಿನ ಕೆಲಸದವರ ಸಾಲು
ಬುಧವಾರ, ಹನ್ನೊಂದನೇ ತಾರೀಕು, ಮಧ್ಯಾಹ್ನ ಮೂರೂವರೆ

ಪ್ರೀತಿಯ ಅಕ್ಕಾ,

ಪ್ರೀತಿಯ ಎಂದು ಬರೆಯದೆ ಕಾಗದ ಶುರುವಾಗುವುದಿಲ್ಲವಲ್ಲ, ಅದಕ್ಕೆ ಬರೆದಿದ್ದೇನೆ. ಹೇಗಿದ್ದೀಯ? ಹೋದ ಸಲ ಹೇಳಿದ್ದ ಕೆಮ್ಮು ಹೋಯಿತೇ? ಅಮ್ಮ ಕೇಳು ಅಂದಳು, ಕೇಳಿದ್ದೇನೆ. ತಂಪು ಮಾಡಿಟ್ಟ ಕೋಣೆಯೊಳಗೆ ಕೂತು ಮರುಭೂಮಿಯ ಮನೆಗೆ ನಕ್ಷೆ ಬರೆಯುವವರಿಗೆ ಕೆಮ್ಮು ಬಾರದೆ ಇನ್ನೇನು ಬಂದೀತು ಅಂತ ನಾನು ಅಂದೆ. ಅದನ್ನು ಬರೆಯಬೇಡ ಅಂದಳು, ಅದನ್ನೂ ಬರೆದಿದ್ದೇನೆ. ಅಮ್ಮನ ಬೆರಳ ಬಿರುಕು ಇನ್ನೂ ಮುಚ್ಚಿಲ್ಲ. ಉಪ್ಪು ತುಂಬುವ ಶೆಡ್ಡಿಗೆ ಒಂದು ವಾರ ರಜೆ ಹಾಕು ಅಂದರೆ ಕೇಳುವವಳಲ್ಲ. ಅಜ್ಜಿ ಚೆನ್ನಾಗಿದ್ದಾಳೆ, ಕಿವಿ ಇನ್ನಷ್ಟು ಮಂದವಾಗಿದೆ, ಬಾಯಿ ಇನ್ನಷ್ಟು ಚುರುಕಾಗಿದೆ. ಅಪ್ಪನ ವಿಷಯ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ, ಮುಂದೆ ಬರುತ್ತದೆ. ನನ್ನನ್ನು ನೀನು ಕೇಳಲಿಲ್ಲ. ಚೆನ್ನಾಗಿದ್ದೇನೆ.

ನಿನ್ನ ಎರಡು ಕಾಗದಕ್ಕೆ ಉತ್ತರ ಬರೆಯದೆ ಉಳಿದೆ. ಕೆಲಸವಿತ್ತು ಎನ್ನಬಹುದು. ಬೆಳಗ್ಗೆಯೆಲ್ಲ ಮಣ್ಣು, ಸಂಜೆ ಉಪ್ಪಿನ ಕೆಲಸದವರ ಸಂಘದ ಓದುಕೋಣೆ, ಎರಡರ ನಡುವೆ ಒಂದು ಸ್ನಾನ. ಆದರೆ ನಿಜ ಅದಲ್ಲ. ಹೊಟ್ಟೆಕಿಚ್ಚಿನಿಂದ ಬರೆಯಲಿಲ್ಲ. ನಾನು ಓದಿದ ಕರಪತ್ರವೊಂದರಲ್ಲಿ ಮನುಷ್ಯ ತನ್ನ ದೋಷವನ್ನು ಹೆಸರು ಹಿಡಿದು ಕರೆಯಬೇಕು, ಆಗ ಅದರ ಬಲ ಅರ್ಧವಾಗುತ್ತದೆ ಎಂದಿತ್ತು. ಕರೆದು ನೋಡಿದೆ. ಕರೆದ ಕೂಡಲೇ ಬಂದು ಪಕ್ಕದಲ್ಲೇ ಕೂತಿದೆ. ಅರ್ಧವೇನೂ ಆಗಿಲ್ಲ.

ಶುರುವಾದದ್ದು ಆ ಪತ್ರಿಕೆಯ ತುಂಡಿನಿಂದ. ನಮ್ಮ ಸಾಲಿನ ನಲವತ್ತು ಮನೆಗಳಿಗೆ ನೀನು ಮಾಡಿದ ನಕ್ಷೆಗೆ ಬಹುಮಾನ ಬಂತಲ್ಲ, ನಿನ್ನ ಚಿತ್ರ ಬಂತಲ್ಲ, ಅದು. ಅಮ್ಮ ಅದನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡು ಶೆಡ್ಡಿಗೆ ಹೋದಳು, ಬೆವರಿಗೆ ನಿನ್ನ ಮೂಗು ಅಳಿಸಿತು. ಅಪ್ಪ ಇನ್ನೊಂದು ಪ್ರತಿ ತರಿಸಿ ಗೋಡೆಗೆ ಅಂಟಿಸಿದ. ಅಂಟಿಸಿದ್ದು ಎಲ್ಲಿ ಅಂದರೆ, ನಾನು ಗೋಡೆಗೆ ಹಾಕಿದ್ದ "ಮನೆ ಹಕ್ಕು, ದಾನವಲ್ಲ" ಎಂಬ ಹಾಳೆಯ ಮೇಲೆಯೇ. ಈಗ ನನ್ನ ಗೋಡೆಯಲ್ಲಿ "ಮನೆ ಹ" ಅಂತ ಮಾತ್ರ ಉಳಿದಿದೆ, ಆಮೇಲೆ ನೀನು ನಗುತ್ತಿದ್ದೀಯ. ಅಷ್ಟಾದರೂ ಸಹಿಸಿಕೊಳ್ಳುತ್ತಿದ್ದೆ. ಆದರೆ ಚಿತ್ರದ ಕೆಳಗೆ ನಿನ್ನ ಮಾತು ಅಂತ ಹಾಕಿದ್ದರು: "ಬಾಲ್ಯದಲ್ಲಿ ಒಂದು ಮುಂಜಾನೆ ನಾನು ಕಂಡ ಜೀರುಂಡೆಯೇ ಈ ಮನೆಗೆ ಪ್ರೇರಣೆ."

ನಾನು ಕಂಡ ಅಂತೆ. ಅಕ್ಕಾ, ಕಂಡವರು ಯಾರು? ಆಗ ನನಗೆ ಏಳು ವರ್ಷ, ನಿನಗೆ ಹನ್ನೆರಡು. ಹೊರಗೆ ಹೋಗಲು ಎದ್ದವಳು ನಾನು. ಸಮುದ್ರದ ಕಡೆಯಿಂದ ಮಂಜು ಬಂದು ಮರಳದಿಬ್ಬದ ಮೇಲೆ ಕೂತಿತ್ತು, ಎದುರಿನ ಕಕ್ಕಸಿನ ಬಾಗಿಲೂ ಕಾಣುತ್ತಿರಲಿಲ್ಲ. ದಿಬ್ಬದ ನೆತ್ತಿಯ ಮೇಲೆ ಆ ಕರೀ ಹುಳ ಗಾಳಿಗೆ ಎದುರಾಗಿ, ತಲೆ ನೆಲಕ್ಕೆ ಊರಿ, ಬೆನ್ನು ಆಕಾಶಕ್ಕೆ ಎತ್ತಿ ನಿಂತಿತ್ತು. ಬೆನ್ನ ಮೇಲೆ ಉಬ್ಬಿದ ಸಣ್ಣ ಸಣ್ಣ ಗುಬುಟುಗಳಲ್ಲಿ ಮಂಜು ಹನಿಯಾಗಿ, ಹನಿ ಜಾರಿ ಬಾಯಿಗೆ ಬೀಳುತ್ತಿತ್ತು. ಒಂದು ತೊಟ್ಟು ಮಳೆ ಕಾಣದ ಊರಿನಲ್ಲಿ ಒಂದು ಹುಳ ಯಾರ ಹಂಗೂ ಇಲ್ಲದೆ ನೀರು ಕುಡಿಯುತ್ತಿತ್ತು. ನಾನು ಓಡಿಬಂದು ನಿನ್ನ ಕಂಬಳಿ ಎಳೆದೆ. ನೀನು ಏನಂದೆ, ನೆನಪಿದೆಯೇ? "ಸುಮ್ನೆ ಮಲ್ಕೊಳೇ, ಹುಳ ಎಲ್ಲ ಹುಳಾನೇ." ನೀನು ಬಂದು ನೋಡಿದ್ದು ಮೂರನೇ ದಿನ, ಅದೂ ಅಪ್ಪ ನಿಜವೇ ಇರಬೇಕು ನೋಡು ಅಂದ ಮೇಲೆ. ಗಾಳಿಗೆ ಸಲಾಮು ಹೊಡೆದ ಹಾಗೆ ನಿಲ್ಲುತ್ತದೆ ಅಂತ ಅದಕ್ಕೆ ಸಲಾಮಪ್ಪ ಎಂದು ಹೆಸರಿಟ್ಟದ್ದೂ ನಾನೇ. ಹುತ್ತದ ಮಾತು ಬೇರೆ. ಗೆದ್ದಲ ಹುತ್ತದ ಬಾಯಿಗೆ ಇಬ್ಬರೂ ಒಟ್ಟಿಗೆ ಕೈಯಿಟ್ಟು, ಕೆಳಗಿನಿಂದ ತಣ್ಣಗೆ ಉಸಿರು ಬರುತ್ತಿದೆ ಅಂತ ಹೆದರಿ ಓಡಿದವರು. ಕಳ್ಳಿಯ ಮಡಿಕೆಗಳು ಒಂದರ ಮೇಲೊಂದು ನೆರಳು ಬೀಳಿಸಿಕೊಳ್ಳುತ್ತವೆ ಅಂತ ತೋರಿಸಿಕೊಟ್ಟವನು ಅಪ್ಪ. ನಿನ್ನ ನಕ್ಷೆಯಲ್ಲಿ ಹುತ್ತದ ಹಾಗೆ ಬಿಸಿಗಾಳಿ ಉಗುಳುವ ಚಿಮಣಿ ಇದೆ, ಕಳ್ಳಿಯ ಹಾಗೆ ಮಡಿಕೆ ಬಿದ್ದ ಗೋಡೆ ಇದೆ, ಸಲಾಮಪ್ಪನ ಬೆನ್ನಿನ ಹಾಗೆ ಗುಬುಟಿನ ಹಂಚು ಇದೆ. ಇಡೀ ಮನೆ ನಮ್ಮ ಹಿತ್ತಿಲು. ಬಹುಮಾನ ಮಾತ್ರ ನಿನ್ನದು.

ನಾನೂ ನಿನ್ನ ಶಾಲೆಯ ಪ್ರವೇಶ ಪರೀಕ್ಷೆ ಪಾಸು ಮಾಡಿದ್ದೆ, ನಿನಗಿಂತ ಎಂಟು ಅಂಕ ಕಡಿಮೆ ಅಷ್ಟೇ. ಆ ವರ್ಷ ಅಪ್ಪ ಗೋಡೆಗೆ ಕಟ್ಟಿದ ಸಾರವೆಯಿಂದ ಬಿದ್ದು ಸೊಂಟ ನೋಯಿಸಿಕೊಂಡ. ಯಾರಾದರೂ ಒಬ್ಬರು ಅವನ ಜೊತೆ ನಿಂತು ಮಣ್ಣು ಕಲಸಬೇಕಿತ್ತು. ನೀನು ಆಗಲೇ ದೂರದಲ್ಲಿ ಕಟ್ಟಡದ ನಕ್ಷೆ ಕಲಿಸುವ ಶಾಲೆಯಲ್ಲಿದ್ದೆ. ನಾನು ನಿಂತೆ. ಇದನ್ನು ಲೆಕ್ಕ ಕೇಳಲು ಬರೆಯುತ್ತಿಲ್ಲ. ನಾನು ನಿಂತ ಜಾಗ ನಿನಗೆ ನೀನು ಎದ್ದು ಹೋದ ಜಾಗವಾಗಿ ಮಾತ್ರ ಕಾಣಬಾರದು ಅಂತ ಬರೆಯುತ್ತಿದ್ದೇನೆ.

ಇನ್ನು ಮನೆಯ ಕಥೆ. ನಮ್ಮ ಸಾಲಿನ ಮನೆ ಸಮಿತಿಯವರು ಮೊದಲು ಒಂದೇ ಒಂದು ಮಾದರಿ ಮನೆ ಕಟ್ಟಿ, ನಾವೇ ಅದರಲ್ಲಿ ಒಂದು ತಿಂಗಳ ಬೇಸಗೆ ಕಳೆಯಬೇಕು, ತಂಪಾಗಿದ್ದರೆ ನಲವತ್ತೂ ಹಾಗೇ, ಇಲ್ಲವಾದರೆ ಗುತ್ತಿಗೆದಾರನ ಕಾಂಕ್ರೀಟು ಡಬ್ಬಿ ಅಂತ ತೀರ್ಮಾನ ಮಾಡಿದ್ದು ನಿನಗೆ ಗೊತ್ತು. ಮೇಸ್ತ್ರಿ ನಮ್ಮಪ್ಪ ಎಂದು ಎಲ್ಲರೂ ಒಪ್ಪಿದರು. ನಿನ್ನ ಕಚೇರಿಯ ದೊಡ್ಡ ನಕ್ಷೆ ಉದ್ದನೆಯ ಕೊಳವೆಯಲ್ಲಿ ಸಮಿತಿಗೆ ಬಂತು. ಅದನ್ನು ಓದುಕೋಣೆಯ ಬೀರುವಿನಲ್ಲಿ ಇಡಲು ನನಗೇ ಕೊಟ್ಟರು. ಮುಚ್ಚಳ ತೆಗೆದು ಎರಡು ಬೆರಳಷ್ಟು ಹೊರಗೆಳೆದೆ. ನಿನ್ನ ಹೆಸರು ದಪ್ಪ ಅಕ್ಷರದಲ್ಲಿತ್ತು. ಹಾಗೇ ಒಳಗೆ ತಳ್ಳಿ ಬೀಗ ಹಾಕಿದೆ. ಹೇಗೂ ಅಪ್ಪನಿಗೆಂದು ನೀನು ಕೈಯಲ್ಲೇ ಬರೆದು ಬೇರೆ ಹಾಳೆ ಕಳಿಸಿದ್ದೆಯಲ್ಲ, ಅಪ್ಪನಿಗೆ ಅದೇ ಸಾಕಿತ್ತು.

ಆ ಹಾಳೆ ಚೆನ್ನಾಗಿತ್ತು, ಒಪ್ಪುತ್ತೇನೆ. ಓದು ಬಾರದ ಅಪ್ಪನಿಗಾಗಿ ಒಂದಕ್ಷರವೂ ಇಲ್ಲ. ಅಡುಗೆ ಜಾಗದಲ್ಲಿ ಬೆಂಕಿ, ನೀರಿನ ಜಾಗದಲ್ಲಿ ಹೂಜಿ, ಮಲಗುವಲ್ಲಿ ಅಜ್ಜಿಯ ಹಾಗೆ ಮುದುರಿದ ಒಂದು ಗುಬ್ಬಿ, ಬಾಗಿಲ ಮುಂದೆ ಒಂದು ಜೊತೆ ಚಪ್ಪಲಿ. ಅಳತೆಗೆ ಗೆರೆಯ ಪಕ್ಕ ಅಪ್ಪನ ಗೇಣಿನ ಗುರುತು. ಅಪ್ಪ ಅದನ್ನು ನೋಡಿ ನಕ್ಕದ್ದು ನೋಡಬೇಕಿತ್ತು. ಮೇಲಿನ ಮೂಲೆಯಲ್ಲಿ, ಏನೂ ಸಂಬಂಧವಿಲ್ಲದಂತೆ, ಸಲಾಮಪ್ಪ ನಿಂತಿದ್ದ. ಜೊತೆಗಿದ್ದ ಚೀಟಿಯಲ್ಲಿ ನೀನು ಬರೆದಿದ್ದೆ: "ಮೂಲೆಯಲ್ಲಿರೋದು ನಿನಗೆ. ನೋಡಿದೆಯಾ ಅಂತ ಬರಿ." ನೋಡಿದೆ. ನೋಡಿ ಮೈ ಉರಿಯಿತು. ನನ್ನ ಹುಳವನ್ನು ಪತ್ರಿಕೆಗೆ ಮಾರಿದ್ದು ಸಾಲದೆಂದು ಅದನ್ನೇ ಮುದ್ರೆ ಮಾಡಿಕೊಂಡು ಮೂಲೆಯಲ್ಲಿ ಒತ್ತಿ, ತಂಗಿಗೂ ಒಂದು ಚೂರು ಇರಲಿ ಎಂದು ತಟ್ಟೆಯಲ್ಲಿ ಉಳಿದದ್ದನ್ನು ಕೊಟ್ಟ ಹಾಗೆ ಕೊಟ್ಟಿದ್ದೀಯ ಅನ್ನಿಸಿತು. ಅದಕ್ಕೇ ನಾನು ನೋಡಿದೆ ಅಂತ ಬರೆಯಲಿಲ್ಲ. ಎರಡನೇ ಕಾಗದದಲ್ಲೂ "ಸಲಾಮಪ್ಪನ್ನ ನೋಡಿದೆಯೇನೇ ಮೊಂಡಿ" ಎಂದು ಕೇಳಿದ್ದೆ. ಕುಟುಕುತ್ತಿದ್ದೀಯ ಎಂದುಕೊಂಡೆ.

ಪಾಯದ ಗುರುತಿಗೆ ದಾರ ಹಿಡಿಯುವ ದಿನ ಅಪ್ಪ ಬಯಲಿಗೆ ಬೆಳಗ್ಗೆಯೇ ಹೋಗಿದ್ದ. ನಮ್ಮ ಸಾಲು ಮುಗಿದ ಮೇಲೆ ಪಡುವಣಕ್ಕಿರುವ ಬಯಲು, ನಾಲ್ಕೂ ಕಡೆ ಖಾಲಿ. ಅಪ್ಪನ ಪದ್ಧತಿ ನಿನಗೆ ಗೊತ್ತು: ಮನೆಗೆ ಬರುವವರು ಯಾವ ಕಡೆಯಿಂದ ಬರುತ್ತಾರೋ ಆ ಕಡೆ ನಿಂತು, ಹಾಳೆ ನೆಲಕ್ಕೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಒಳಗೆ ಹೋಗುವವನಂತೆ ನೋಡುವುದು. ಅವನು ಸಾಲಿಗೆ ಬೆನ್ನು ಕೊಟ್ಟು, ಚಪ್ಪಲಿ ತನ್ನ ಕಡೆ ಬರುವಂತೆ ಹಾಳೆ ಹಾಸಿದ್ದ. ನಾನು ಹೋಗಿ ತಡೆದೆ. ಹೀಗಲ್ಲಪ್ಪ, ನಕ್ಷೆಯಲ್ಲಿ ಮೇಲಿನದು ಯಾವತ್ತೂ ಉತ್ತರ, ಇದು ಪ್ರಪಂಚಕ್ಕೆಲ್ಲ ಒಂದೇ ನಿಯಮ, ಅಕ್ಕ ಕಲಿತ ಶಾಲೆಯದ್ದೂ ಅದೇ ಅಂದೆ. ಮನೆ ಕಟ್ಟುವುದರ ಮೇಲೆ ನಾನು ಹನ್ನೊಂದು ಕರಪತ್ರ ಓದಿದ್ದೇನೆ, ಹನ್ನೊಂದರಲ್ಲೂ ಹಾಗೇ ಇದೆ. ನಿನ್ನ ಶಾಲೆಗೆ ಹೋಗದೆಯೂ ನಿನ್ನ ನಕ್ಷೆ ಓದಬಲ್ಲೆ ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ದಿನ ಸಿಗುತ್ತಿರಲಿಲ್ಲ. ಅಪ್ಪ ಹಾಳೆಯನ್ನೂ ನನ್ನನ್ನೂ ನೋಡಿ, "ಚಪ್ಪಲಿ ನನ್ನ ಕಾಲ ಹತ್ರ ಇರಬೇಕಲ್ಲ ಮಗಳೇ" ಅಂದ. ಅದು ಹಳೇ ಕಾಲದ ರೀತಿ ಅಂದೆ. ಓದಿದವಳು ನೀನು ಅಂತ ಅವನು ನಾಲ್ಕೂ ಕಲ್ಲೆತ್ತಿ, ಹಾಳೆಯನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ನಾಲ್ಕೂ ಕಲ್ಲಿಟ್ಟ. ನಾವಿಬ್ಬರೂ ಚಿಕ್ಕವರಿದ್ದಾಗ ಹಿಡಿಯುತ್ತಿದ್ದ ಅದೇ ದಾರ. ಈಗ ಒಂದು ತುದಿ ನನ್ನ ಕೈಯಲ್ಲಿ, ನಿನ್ನ ತುದಿ ಗೂಟಕ್ಕೆ.

ಕಟ್ಟಿದ ಮೂರು ತಿಂಗಳು ನನ್ನ ಬದುಕಿನಲ್ಲೇ ಒಳ್ಳೆಯ ದಿನಗಳು, ಇದನ್ನು ನಿನ್ನ ಎದುರು ಒಪ್ಪಿಕೊಳ್ಳಲು ಕಷ್ಟ. ಹಸಿ ಇಟ್ಟಿಗೆ ನಾವೇ ಹೊಯ್ದೆವು. ಕಳ್ಳಿ ಗೋಡೆಯ ಒಂದೊಂದು ಮಡಿಕೆಯನ್ನೂ ಅಪ್ಪ ಅಂಗೈಯಲ್ಲಿ ನೀವಿ ತಿದ್ದಿದ. ಗುಬುಟಿನ ಹಂಚಿಗೆ ಅಚ್ಚು ಮಾಡಿದವಳು ನಾನು. ಅದಕ್ಕೆ ಬಳಸಿ ಅಮ್ಮನ ಹಳೇ ಜರಡಿ ಹಾಳಾಯಿತು. ಆದರೆ ಗೋಡೆ ಎದೆಮಟ್ಟ ಬಂದಾಗಲೇ ನನಗೊಂದು ವಿಷಯ ಹೊಳೆಯಿತು. ಮನೆಯೊಳಕ್ಕೆ ತಂಪು ಗಾಳಿ ಹಿಡಿಯುವ ಬಾಯಿ ಉತ್ತರಕ್ಕೆ ತೆರೆಯುತ್ತಿದೆ. ಮಂಜು ಬರುವುದು ಪಡುವಣದ ಸಮುದ್ರದಿಂದ. ಉತ್ತರದಿಂದ ಬರುವುದು ಮಧ್ಯಾಹ್ನದ ಸುಡುಗಾಳಿ, ಬೊಗಸೆಗಟ್ಟಲೆ ಮರಳಿನ ಸಮೇತ. ಅಪ್ಪನಿಗೂ ಅನುಮಾನ ಬಂತು, ಬಾಯಿ ಸಮುದ್ರದ ಕಡೆ ಬೇಡವಾ ಅಂತ ಕೇಳಿದ. ನಾನು, ಹುತ್ತವೂ ಗಾಳಿಯನ್ನು ನೇರ ತಗೊಳ್ಳುವುದಿಲ್ಲಪ್ಪ, ಅದು ವಿಜ್ಞಾನ ಅಂದೆ. ಒಳಗೊಳಗೆ ಏನಂದುಕೊಂಡೆ ಗೊತ್ತೇ? ಎಂಟು ವರ್ಷ ಪಟ್ಟಣದಲ್ಲಿದ್ದು ಅಕ್ಕ ಗಾಳಿ ಮರೆತಿದ್ದಾಳೆ. ಹುಟ್ಟಿದ ನೆಲದ ಗಾಳಿ ಮರೆತವಳಿಗೆ ಬಹುಮಾನ ಕೊಟ್ಟಿದ್ದಾರೆ. ನಿನಗೆ ಒಂದು ಕಾಗದ ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ನಿನ್ನ ತಪ್ಪನ್ನು ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು, ರಸಮಟ್ಟ ಹಿಡಿದು, ನೂಲು ಹಿಡಿದ ಹಾಗೆ ನೇರವಾಗಿ ಕಟ್ಟಿದೆ.

ಒಳಗೆ ಹೋದೆವು. ಮೊದಲ ದಿನವೇ ಮಧ್ಯಾಹ್ನ ಗಾಳಿಬಾಯಿಂದ ಬೆಂಕಿ ಊದಿದ ಹಾಗಾಯಿತು. ನೀರಿನ ಹೂಜಿಯ ತಳದಲ್ಲಿ ಎರಡು ಬೆರಳು ಮರಳು. ಎರಡೂ ಕಿಟಕಿ ಪಡುವಣಕ್ಕೆ, ಸಂಜೆಯ ಬಿಸಿಲು ನೇರ ಅಜ್ಜಿಯ ಮುಖಕ್ಕೆ. ಗಾಳಿಯೂ ಬಿಸಿಲೂ ತಾಗದ ಹಾಗೆ ಅಷ್ಟು ದಪ್ಪ ಮಾಡಿದ ಕುರುಡು ಗೋಡೆ ಮೂಡಣಕ್ಕೆ, ಯಾರಿಗೂ ಏನೂ ಮಾಡದ ಬೆಳಗಿನ ಕಡೆಗೆ ಮುಖ ಮಾಡಿ ನಿಂತಿದೆ. ಬಾಗಿಲು ಉಪ್ಪಿನ ಕಸದ ರಾಶಿಗೆ ತೆರೆಯುತ್ತದೆ. ಸಾಲಿನಿಂದ ಬರುವವರು ಮನೆಯನ್ನು ಸುತ್ತು ಹಾಕಿ ಬರಬೇಕು. ಓದಿದವಳ ಮನೆ, ಬೆನ್ನು ತೋರಿಸಿಯೇ ಮಾತಾಡಿಸುತ್ತೆ ಅಂತ ಶೆಡ್ಡಿನ ಹೆಂಗಸರು ನಕ್ಕರು. ನಾನೂ ನಕ್ಕೆ. ಗುಬುಟಿನ ಹಂಚಿನಿಂದ ತಿಂಗಳಿಡೀ ಒಂದು ಲೋಟ ನೀರು ಇಳಿಯಲಿಲ್ಲ. ಅಜ್ಜಿ ಒಂಬತ್ತನೇ ದಿನ ಹಾಸಿಗೆ ಸುತ್ತಿಕೊಂಡು ತಗಡಿನ ಮನೆಗೆ ವಾಪಸು ಹೊರಟಳು. "ಅದು ಬಾಣಲೆ, ಇದು ಒಲೆ. ನಾನು ಬಾಣಲೇಲಿ ಇರ್ತೀನಿ" ಅಂದಳು. ತಿಂಗಳು ಮುಗಿದ ಕೂಡಲೇ ನಾವೂ ಹೊರಟೆವು, ಅದಕ್ಕೇ ಈ ಕಾಗದ ತಗಡಿನ ಮನೆಯಿಂದ ಬರೆಯುತ್ತಿದ್ದೇನೆ.

ಸೋಮವಾರ ಅಳೆಯುವವರು ಬಂದರು. ಎರಡೂ ಮನೆಯಲ್ಲಿ ಒಂದೊಂದು ತಾಪಮಾಪಕ ನೇತುಹಾಕಿ, ಮೂರು ಗಂಟೆಗೆ ಓದಿದರು. ನಿನ್ನ ಮನೆ ತಗಡಿಗಿಂತ ನಾಲ್ಕು ಡಿಗ್ರಿ ಹೆಚ್ಚು. ಅವರು ಸಂಖ್ಯೆ ಹೇಳಿದಾಗ ಒಂದು ಚಣ, ಅಕ್ಕಾ, ರೆಪ್ಪೆ ಬಡಿಯುವಷ್ಟು ಹೊತ್ತು, ನನಗೆ ಖುಷಿಯಾಯಿತು. ಗೋಡೆಯ ಮೇಲಿನ ನಿನ್ನ ಚಿತ್ರ ಕಳಚಿ ಬಿದ್ದ ಹಾಗೆ. ಆಮೇಲೆ ಅಪ್ಪನ ಕಡೆ ನೋಡಿದೆ. ಸಮಿತಿಯ ಅಧ್ಯಕ್ಷ, ಆ ಹಳೇ ಲಾರಿ ಡ್ರೈವರು ದೊಡ್ಡಪ್ಪ, ಪಾಪ ಒಳ್ಳೆಯ ಮನುಷ್ಯ, ನಕ್ಷೆಯಲ್ಲೇ ಐಬಿದೆಯೋ ಏನೋ ಮೇಸ್ತ್ರಿ ಅಂದ. ಅಪ್ಪ ತಲೆ ಅಲ್ಲಾಡಿಸಿ, ಎಲ್ಲರ ಎದುರು, "ನಕ್ಷೆ ನನ್ನ ಮಗಳದ್ದು, ಅದರಲ್ಲಿ ತಪ್ಪಿಲ್ಲ. ಕೈ ನಂದು ತಪ್ಪಿದೆ, ಕಣ್ಣು ಮುಂಚಿನ ಹಾಗಿಲ್ಲ" ಅಂದ. ಮನೆಗೆ ಬಂದು ಗಾರೆ ಮೆತ್ತುವ ಕರಣೆಯನ್ನು ತೊಳೆದು, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಅಟ್ಟದ ಹಲಗೆಯ ಮೇಲೆ ಇಟ್ಟ. ಮೂವತ್ತು ವರ್ಷದಲ್ಲಿ ಅವನು ಕರಣೆಯನ್ನು ಬಾಗಿಲ ಪಕ್ಕ ಬಿಟ್ಟು ಇನ್ನೆಲ್ಲೂ ಇಟ್ಟವನಲ್ಲ. ಎರಡು ದಿನದಿಂದ ಹೊಸ್ತಿಲ ಮೇಲೆ ಕೂತು ತನ್ನ ಕೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾನೆ.

ಸಭೆ ಶುಕ್ರವಾರ. ಅಂದು ಕೈಯೆತ್ತಿದರೆ ನಲವತ್ತು ಕುಟುಂಬ ಕಾಂಕ್ರೀಟು ಡಬ್ಬಿಗೆ ಹೋಗುತ್ತದೆ. ಬಡವರಿಗೆ ಮಣ್ಣಿನ ಮನೆ ಅಂದರೆ ಅವಮಾನ, ಡಬ್ಬಿ ಅಂದರೆ ಅಭಿವೃದ್ಧಿ ಎಂದು ಗುತ್ತಿಗೆದಾರ ಆಗಲೇ ಹೇಳಿಕೊಂಡು ತಿರುಗುತ್ತಿದ್ದಾನೆ. ಅವನ ಬಾಯಿಗೆ ಬೀಗ ಹಾಕಲು ನನ್ನ ಹತ್ತಿರ ಹನ್ನೊಂದು ಕರಪತ್ರ ಇತ್ತು, ನಿನ್ನ ಮನೆ ಎಲ್ಲವನ್ನೂ ಬೂದಿ ಮಾಡಿತು. ನೀನು ಒಂದು ಕೆಲಸ ಮಾಡಬೇಕು. "ಗಾಳಿಯ ದಿಕ್ಕು ನಾನೇ ತಪ್ಪು ತಿಳಿದೆ, ಮೇಸ್ತ್ರಿಯ ಕೈ ತಪ್ಪಿಲ್ಲ" ಎಂದು ಸಮಿತಿಗೆ ಬರೆ. ದಪ್ಪ ಅಕ್ಷರದಲ್ಲೇ ಬರೆ. ಸಭೆಗೆ ಅದು ಮುಟ್ಟದಿರಬಹುದು, ಅಪ್ಪನಿಗೆ ಮುಟ್ಟಿದರೆ ಸಾಕು. ಹೊಗಳಿಕೆ ಒಬ್ಬಳೇ ತಗೊಂಡೆ, ತಪ್ಪನ್ನೂ ಒಬ್ಬಳೇ ತಗೋ.

ಅಮ್ಮ, ಅಜ್ಜಿ ನಿನಗೆ ಒಳ್ಳೆಯದಾಗಲಿ ಅಂದಿದ್ದಾರೆ. ಅಜ್ಜಿ ಬೇಗ ಮಲಗು ಅಂತಲೂ ಅಂದಳು. ಅಕ್ಕನಿಗೆ ಬರೆಯುತ್ತಿದ್ದೇನೆ ಅಂದಾಗ ಅಪ್ಪನ ಮುಖ ಸ್ವಲ್ಪ ಬೆಳಗಿತು, ಅದನ್ನು ಆಶೀರ್ವಾದ ಅಂದುಕೋ.

ಇಂತಿ ನಿನ್ನ ತಂಗಿ,
ಮೊಂಡಿ

ಮರೆತ ಮಾತು, ಗುರುವಾರ ಬೆಳಗ್ಗೆ. ಟಪಾಲು ಗಾಡಿ ಒಂಬತ್ತಕ್ಕೆ ಹೊರಡುತ್ತದೆ, ಅಕ್ಷರ ಓಡಿದರೆ ಬೈಕೋಬೇಡ. ಮೇಲಿನದನ್ನು ಹರಿದು ಹಾಕಬೇಕಿತ್ತು, ಹರಿಯುವುದಿಲ್ಲ, ನೀನು ಓದಬೇಕು. ಬೆಳಕು ಹರಿಯುವ ಹೊತ್ತಿಗೆ ಅಜ್ಜಿ ಬಿಟ್ಟುಬಂದಿದ್ದ ಚಾಪೆ ತರಲು ಹೊಸ ಮನೆಗೆ ಹೋಗಿದ್ದೆ. ದಟ್ಟ ಮಂಜು. ಏಣಿ ಅಲ್ಲೇ ಇತ್ತು, ಹಂಚಿನಲ್ಲಿ ಇವತ್ತಾದರೂ ಹನಿಯಿದೆಯೇ ನೋಡೋಣ ಅಂತ ಹತ್ತಿದೆ. ನಾನು ಅಚ್ಚೊತ್ತಿದ ಹಂಚುಗಳು ಉತ್ತರಕ್ಕೆ ಇಳಿಜಾರಾಗಿ, ಮುಟ್ಟಿದರೆ ಒಣ ಒಣ. ಪಡುವಣದ ಬರಿಗೋಡೆಯ ಅಂಚಿನ ಮೇಲೆ ಸಲಾಮಪ್ಪಗಳು ಸಾಲಾಗಿ ನಿಂತಿದ್ದವು, ಏಳು. ಏಳೂ ಸಮುದ್ರದ ಕಡೆ ತಲೆ ಊರಿ, ಬೆನ್ನೆತ್ತಿ, ನೀರು ಕುಡಿಯುತ್ತಿದ್ದವು. ಎಷ್ಟೋ ವರ್ಷದ ಮೇಲೆ ನೋಡಿದೆ. ಒಂದೂ ಅಡ್ಡ ನಿಂತಿರಲಿಲ್ಲ, ನಿಲ್ಲುವುದೂ ಇಲ್ಲ. ಆಗ ಮೂಲೆ ನೆನಪಾಯಿತು.

ಓಡಿಬಂದು ನಿನ್ನ ಹಾಳೆ ತೆಗೆದೆ. ನಿನ್ನ ಸಲಾಮಪ್ಪ ತಲೆ ಇಟ್ಟಿರುವುದು ಹಾಳೆಯ ಮೇಲಂಚಿಗೆ. ಮೇಲಂಚು ಉತ್ತರವಲ್ಲ, ಪಡುವಣ. ಹುಳ ಗಾಳಿ ನೋಡುವ ಹಾಗೆ ಹಾಳೆ ತಿರುಗಿಸಿದರೆ ಬಾಯಿ ಸಮುದ್ರಕ್ಕೆ, ಕುರುಡು ಗೋಡೆ ಸುಡುಗಾಳಿಗೆ, ಮಡಿಕೆ ಸಂಜೆಯ ಬಿಸಿಲಿಗೆ, ಚಪ್ಪಲಿ ಸಾಲಿನಿಂದ ಬರುವವರ ಕಾಲ ಹತ್ತಿರ. ಅಪ್ಪ ಮೊದಲು ಹಾಸಿದ್ದ ಹಾಗೇ. ಓದುಕೋಣೆಗೆ ಹೋಗಿ ಬೀರು ತೆರೆದು ದೊಡ್ಡ ನಕ್ಷೆ ಪೂರ್ತಿ ಬಿಚ್ಚಿದೆ. ಉತ್ತರದ ಬಾಣ ಬಲಗಡೆಗೆ ಇದೆ, ನನ್ನ ಮುಂಗೈಯಷ್ಟು ಉದ್ದ. ಕಟ್ಟಿದ ಮೂರು ತಿಂಗಳೂ ಅದರ ಕೀಲಿ ನನ್ನ ಸೊಂಟದಲ್ಲೇ ಇತ್ತು. ನನ್ನ ಹೆಸರು ಎಲ್ಲಾದರೂ ಇದೆಯೇ ಅಂತಲೂ ಹುಡುಕಿದೆ. ಇಲ್ಲ. ಹೊಟ್ಟೆಕಿಚ್ಚು ಹೋಯಿತು ಅಂದರೆ ಸುಳ್ಳಾಗುತ್ತದೆ. ಆದರೆ ಅಪ್ಪನ ಹಾಳೆಗೆ ನೀನು ಬಾಣ ಬರೆಯಲಿಲ್ಲ. ಪ್ರಪಂಚದಲ್ಲಿ ಒಬ್ಬಳೇ ಒಬ್ಬಳು ಓದಬಲ್ಲ ಗುರುತು ಬರೆದು, ಇಡೀ ಮನೆಯನ್ನು ಅವಳ ಮೇಲೆ ಬಿಟ್ಟೆ. ನೋಡಿದೆಯಾ ಅಂತ ಎರಡು ಸಲ ಕೇಳಿದೆ ಕೂಡ. ನೋಡಿದೆ ಅಕ್ಕಾ. ಈಗ ನೋಡಿದೆ.

ಅಪ್ಪನಿಗೆ ಹೇಳಿಬಿಟ್ಟೆ. ತಿರುಗಿಸಿ ನೋಡಿಕೊಳ್ಳುತ್ತಿದ್ದ ಕೈಯನ್ನು ಮಡಿಲಿಗೆ ಇಳಿಸಿದ. ಆಮೇಲೆ, "ಚಪ್ಪಲಿ ಕಾಲ ಹತ್ರ ಅಂದಿದ್ದೆ" ಎಂದ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಅಟ್ಟದ ಹಲಗೆಯಿಂದ ಕರಣೆ ಇಳಿಸಿ, ಬಟ್ಟೆ ಬಿಚ್ಚಿದ. ಹಸಿ ಇಟ್ಟಿಗೆಯಲ್ಲವೇ, ಒಡೆಯದೆ ಬಿಡಿಸಬಹುದು. ಬಾಯಿ ಕಿತ್ತು ಪಡುವಣಕ್ಕೆ ಇಟ್ಟು, ಕಿಟಕಿ ತುಂಬಿ, ಮಡಿಕೆ ಹೊಸದಾಗಿ ಎಬ್ಬಿಸಲು ಇಪ್ಪತ್ತು ದಿನ ಅನ್ನುತ್ತಾನೆ. ಸಮಿತಿ ಆ ಇಪ್ಪತ್ತು ದಿನ ಕೊಡುತ್ತದೋ ಇಲ್ಲವೋ ಗೊತ್ತಿಲ್ಲ. ಕೇಳಬೇಕಾದವಳು ನಾನು. ಜನ್ಮದಲ್ಲಿ ಮೊದಲ ಸಲ ಸ್ವಂತ ಕರಪತ್ರ ಬರೆದೆ. ನಾಲ್ಕೇ ಸಾಲು: ನಕ್ಷೆ ಸರಿ. ಮೇಸ್ತ್ರಿಯ ಕೈ ಸರಿ. ಹಾಳೆ ತಿರುಗಿಸಿದವಳು ನಾನು, ಗಾಳಿ ತಪ್ಪಿದ್ದು ಗೊತ್ತಾದರೂ ಹೇಳದೆ ಉಳಿದವಳೂ ನಾನು. ಇಪ್ಪತ್ತು ದಿನ ಕೊಡಿ. ಕೆಳಗೆ ಪೂರ್ತಿ ಹೆಸರು ಹಾಕಿದ್ದೇನೆ, ದಪ್ಪ ಅಕ್ಷರದಲ್ಲಿ. ನಲವತ್ತು ಬಾಗಿಲಿಗೂ ಅಂಟಿಸಿ ಬಂದೆ, ಬೆರಳೆಲ್ಲ ಅಂಟು. ಒಂದು ಪ್ರತಿ ಇದರೊಳಗಿದೆ, ಗೋಡೆಗೆ ಹಾಕಿಕೋ.

ಕ್ಷಮೆ ಕೇಳುವ ಸಾಲನ್ನು ಎರಡು ಸಲ ಬರೆದು ಹೊಡೆದು ಹಾಕಿದೆ, ನಿನಗೆ ಕಾಣಿಸುತ್ತಿರಬಹುದು. ನೀನು ಸಮಿತಿಗೆ ಏನೂ ಬರೆಯಬೇಡ. ಬರಲಾದರೆ ಬಾ. ಗೂಟಕ್ಕೆ ಕಟ್ಟಿದ ದಾರ ನೇರವಾಗಿಯೇ ಇರುತ್ತದೆ, ಆದರೆ ನಾನು ತಪ್ಪು ಕಡೆ ಹೊರಟರೆ ಗೂಟ ಬೈಯುವುದಿಲ್ಲ.

ಗಾಡಿ ಹಾರನ್ ಹೊಡೆಯುತ್ತಿದೆ. ಇಲ್ಲಿಂದ ಬಯಲು ಕಾಣುತ್ತದೆ. ಸಭೆ ನಾಳೆ, ಅಪ್ಪ ಇವತ್ತೇ ಹೋಗಿ ನಿಂತಿದ್ದಾನೆ. ಹಾಳೆ ನೆಲದ ಮೇಲಿದೆ, ಬರೆದ ಚಪ್ಪಲಿ ಅವನ ಕಾಲಿನ ಚಪ್ಪಲಿಗೆ ತಾಗುವಷ್ಟು ಹತ್ತಿರ. ಮೂರು ಮೂಲೆಗೆ ಕಲ್ಲಿಟ್ಟಿದ್ದಾನೆ. ನಾಲ್ಕನೆಯದು ಗಾಳಿಗೆ ಪಟಪಟ ಹಾರುತ್ತಿದೆ, ಸಲಾಮಪ್ಪ ಇರುವ ಮೂಲೆ. ಅಲ್ಲಿಗೆ ಕಲ್ಲಿಡದೆ, ಬಾ ಬಂದು ಹಿಡಿ ಎಂದು ನನ್ನನ್ನು ಕೈ ಬೀಸಿ ಕರೆಯುತ್ತಿದ್ದಾನೆ.